ಬೇಲಿಯ ಬೆಲೆ

ಅದು ಗುರುವಾರ. ಮಾರನೆಯ ದಿನ ನಮ್ಮ ಆಫೀಸಿನ ಲೆಕ್ಕದ ಮೇಷ್ಟ್ರು ದೊಡ್ಡ ಸಾಹೇಬರ ಕೋಣೆಗೆ ಹೋಗಿ ಒಂದು ಅಂಕಿ ಹೇಳಿದರು. ಆ ಅಂಕಿಯಿಂದ ಒಂದು ಕೆರೆ ಹೋಯಿತು. ಗುರುವಾರ ಮಾತ್ರ ಬೇರೆ ದಿನಗಳ ಹಾಗೆಯೇ ಇತ್ತು.

ರಾಜಾಜಿನಗರದಲ್ಲಿ ಒಂದು ಬಾಡಿಗೆ ಮನೆಯ ಮಹಡಿಯ ಮೇಲೆ ನಮ್ಮ ಆಫೀಸು. ಊರಿನ ಪಶ್ಚಿಮ ಭಾಗದ ಕಸವನ್ನು ಎಲ್ಲಿಂದ ಎಲ್ಲಿಗೆ ಸಾಗಿಸಬೇಕು ಎಂದು ಲೆಕ್ಕ ಹಾಕುವುದಕ್ಕಾಗಿಯೇ ತೆರೆದ ಆಫೀಸು ಅದು. ಡೀಸೆಲ್ ಸಿಗುವುದೇ ಕಷ್ಟವಾಗಿ ಕಸದ ಲಾರಿಗಳು ವಾರಕ್ಕೆ ಎರಡು ದಿನ ನಿಂತೇ ಇರುತ್ತಿದ್ದ ಕಾಲ. ಅವರು ಲೆಕ್ಕ ಬರೆಯುತ್ತಿದ್ದರು, ನಾನು ಅದನ್ನು ಕಂಪ್ಯೂಟರ್ ಓದುವ ಕಾರ್ಡುಗಳ ಮೇಲೆ ತೂತುಗಳಾಗಿ ಹೊಡೆಯುತ್ತಿದ್ದೆ. ಎಸ್‌ಎಸ್‌ಎಲ್‌ಸಿ, ಟೈಪಿಂಗ್‌ನಲ್ಲಿ ಸೀನಿಯರ್, ನನ್ನ ಓದು ಅಷ್ಟೇ. ಒಂದೊಂದು ಕಾರ್ಡೂ ಗೇಣುದ್ದದ ಗಟ್ಟಿ ಕಾಗದ, ಲೆಕ್ಕದ ಒಂದೊಂದು ಸಾಲು. ಕಂಪ್ಯೂಟರ್ ನಮ್ಮಲ್ಲಿರಲಿಲ್ಲ. ಊರಿನ ಇನ್ನೊಂದು ಕೊನೆಯ ಒಂದು ಸಂಸ್ಥೆಯಲ್ಲಿತ್ತು. ಅವರು ಕಾರ್ಡುಗಳ ಕಟ್ಟನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಹೋಗಿ ಕೊಟ್ಟು ಬರುತ್ತಿದ್ದರು. ಮಾರನೆಯ ದಿನ ಮತ್ತೆ ಹೋಗಿ, ಮಡಿಕೆ ಮಡಿಕೆಯಾದ ಅಗಲ ಕಾಗದದಲ್ಲಿ ಉತ್ತರ ತರುತ್ತಿದ್ದರು.

ಆ ಗುರುವಾರ ಉತ್ತರ ತಂದಾಗ ಮಧ್ಯಾಹ್ನ. ಕೆಳಗೆ ಮನೆಯ ಓನರ್ ಆಂಟಿ ಮೆಣಸಿನಕಾಯಿ ಹುರಿಯುತ್ತಿದ್ದರು, ಘಾಟು ಮೆಟ್ಟಿಲು ಹತ್ತಿ ಬಂದಿತ್ತು. ಅವರು ಕೆಮ್ಮುತ್ತಲೇ ಕಾಗದವನ್ನು ನನ್ನ ಮೇಜಿನ ಮೇಲೆ ಹರಡಿ ಒಂದು ಸಾಲಿನ ಕೊನೆಯಲ್ಲಿ ಬೆರಳಿಟ್ಟರು. ನಾನು ಊಟದ ಡಬ್ಬಿ ಪಕ್ಕಕ್ಕೆ ಸರಿಸಿದೆ.

"ನೋಡಿಲ್ಲೆ, ತಂಗಿ. ಕೆರಿ ಉಳಿಸಾಕ ನಮಗ ಏನು ಹೋಗ್ತೈತಿ ಅಂತ ಯಂತ್ರ ತಾನ ಹೇಳೇತಿ."

ಎಷ್ಟು ಸಾರ್ ಎಂದು ಕೇಳಿದೆ. ದಿನಕ್ಕೆ ಅರ್ಧ ಪೀಪಾಯಿ ಡೀಸೆಲ್ ಎಂದರು. ಎಲ್ಲ ಲಾರಿಗಳದ್ದೂ ಸೇರಿ ಅರ್ಧ ಪೀಪಾಯಿ. ಅವರ ಮುಖ ನನಗೆ ಚೆನ್ನಾಗಿ ನೆನಪಿದೆ. ಪರೀಕ್ಷೆಯಲ್ಲಿ ಪಾಸಾದವರ ಮುಖ ಅದು.

"ಇಷ್ಟ ಅಗ್ಗಕ್ಕ ಒಂದು ಕೆರಿ ಉಳೀತೈತಿ ಅಂದ್ರ ಯಾರು ಬ್ಯಾಡ ಅಂತಾರ, ಹೇಳು?"

ಯಾರೂ ಬೇಡ ಅನ್ನಲ್ಲ ಸಾರ್ ಎಂದೆ. ಆಮೇಲೆ ಇಬ್ಬರೂ ಊಟ ಮಾಡಿದೆವು. ಅವರ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನದರಲ್ಲಿ ಚಿತ್ರಾನ್ನ. ಅರ್ಧರ್ಧ ಹಂಚಿಕೊಂಡೆವು. ಅಷ್ಟೇ ಆ ದಿನ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ವರದಿಯ ಮೇಲೆ ಹೆಸರು ಹಾಕಿ ಅವರಿಗೆ ಮಾಡಿದ್ದು ಸಾಕು. ಆಫೀಸಿನಲ್ಲಿ ಅವರಿಗೆ ಬೇಲಿ ಮೇಷ್ಟ್ರು ಎಂಬ ಹೆಸರಿತ್ತು. ಮೊದಲು ಉತ್ತರ ಕರ್ನಾಟಕದ ಯಾವುದೋ ಕಾಲೇಜಿನಲ್ಲಿ ಗಣಿತದ ಪಾಠ ಹೇಳುತ್ತಿದ್ದವರು, ಆದ್ದರಿಂದ ಮೇಷ್ಟ್ರು. ಬೇಲಿ ಎಂಬುದು ಅವರ ಲೆಕ್ಕದಿಂದ ಬಂದದ್ದು.

ಆ ಲೆಕ್ಕವನ್ನು ಅವರು ನನಗೆ ಹೇಳಿಕೊಟ್ಟ ಬಗೆ ಹೀಗೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಅಂಕಿಗಳನ್ನು ನೋಡಿ ನೋಡಿ ತೂತು ಹೊಡೆಯುತ್ತಿದ್ದೆ, ಏನೆಂದು ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ್ದೂ ಇಲ್ಲ ಎಂದುಕೊಂಡಿದ್ದೆ. ಅವರು ಒಂದು ಕುರ್ಚಿ ಎಳೆದುಕೊಂಡು ಕೂತು, ಏನು ಹೊಡ್ಯಾಕತ್ತಿ ಅಂತ ಗೊತ್ತಿಲ್ಲದ ಹೊಡೀಬಾರದು ಎಂದರು. ಈ ಯಂತ್ರಕ್ಕೆ ನಾವು ಎರಡೇ ವಿಷಯ ಹೇಳುವುದು, ಒಂದು ಆಸೆ, ಇನ್ನೊಂದು ಬೇಲಿ. ಆಸೆ ಒಂದೇ ಇರಬೇಕು, ಡೀಸೆಲ್ ಕಡಿಮೆ ಸುಡಬೇಕು ಎಂಬುದು. ಬೇಲಿ ಎಷ್ಟು ಬೇಕಾದರೂ ಇರಬಹುದು. ಈ ಲಾರಿ ದಿನಕ್ಕೆ ಇಷ್ಟೇ ಸಲ ಹೋಗಬಲ್ಲದು, ಆ ಗುಂಡಿ ಇಷ್ಟೇ ಹಿಡಿಯುತ್ತದೆ, ಈ ಬೀದಿಯ ಕಸ ಒಂದು ದಿನವೂ ಉಳಿಯಬಾರದು, ಹೀಗೆ. ಬೇಲಿಗಳ ಒಳಗೆ ಎಲ್ಲಿ ನಿಂತರೆ ಆಸೆ ಹೆಚ್ಚು ತೀರುತ್ತದೆ ಎಂದು ಯಂತ್ರ ಹುಡುಕುತ್ತದೆ. ಬೇಲಿ ಹಾಕುವುದನ್ನು ಮರೆತರೆ ಅದು ಮರೆತ ಕಡೆಯಿಂದಲೇ ನುಗ್ಗುತ್ತದೆ.

ಮೊದಲ ಉತ್ತರ ಬಂದಾಗ ಹಾಗೇ ಆಗಿತ್ತಂತೆ. ಹತ್ತಿರದ ಖಾಲಿ ಜಾಗಗಳನ್ನೆಲ್ಲ ಅವರು ಪಟ್ಟಿಗೆ ಸೇರಿಸಿದ್ದರು. ಯಂತ್ರ ಅರ್ಧ ರಾಜಾಜಿನಗರದ ಕಸವನ್ನು ಒಂದು ಸ್ಕೂಲಿನ ಆಟದ ಬಯಲಿಗೆ ಕಳಿಸಿತ್ತು. ಅದನ್ನು ಅವರು ಎಲ್ಲರಿಗೂ ತೋರಿಸಿ ನಕ್ಕಿದ್ದರು. ಯಂತ್ರದ ತಪ್ಪಿಲ್ಲ, ನಾವು ಹೇಳಲಿಲ್ಲ, ಅದು ಬಿಡಲಿಲ್ಲ ಎಂದಿದ್ದರು. ಆಮೇಲೆ ಸ್ಕೂಲಿಗೆ ಒಂದು ಬೇಲಿ, ಆಸ್ಪತ್ರೆಯ ಹಿಂದಿನ ಜಾಗಕ್ಕೆ ಒಂದು ಬೇಲಿ. ಕಾರ್ಡಿಗೆ ಕಾರ್ಡು ಸೇರುತ್ತ ಕಟ್ಟು ದಪ್ಪವಾಯಿತು.

ಕಾರ್ಡುಗಳ ಕಟ್ಟಿನ ನೆತ್ತಿಯ ಮೇಲೆ ಅವರು ಕೆಂಪು ಪೆನ್ಸಿಲ್‌ನಿಂದ ಒಂದು ಓರೆ ಗೆರೆ ಎಳೆಯುತ್ತಿದ್ದರು, ಈ ಮೂಲೆಯಿಂದ ಆ ಮೂಲೆಗೆ. ಕಟ್ಟು ಕೈಜಾರಿ ಬಿದ್ದು ಚೆಲ್ಲಾಡಿದರೆ ಗೆರೆ ನೋಡಿ ಜೋಡಿಸಬಹುದು. ನಡುವಿನಿಂದ ಕಾರ್ಡು ಹೋಗಿದ್ದರೆ ಗೆರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆ ಪೆನ್ಸಿಲ್ ಸದಾ ಅವರ ಕಿವಿಯ ಮೇಲೆ ಇರುತ್ತಿತ್ತು. ಬಸ್ಸಿನಲ್ಲಿ ಜನ ಬಡಗಿ ಎಂದುಕೊಳ್ಳುತ್ತಾರೆ ಸಾರ್ ಎಂದು ನಾನೊಮ್ಮೆ ಹೇಳಿದ್ದೆ. ಒಬ್ಬಾಂವ ಬಾಗಲಾ ರಿಪೇರಿಗೆ ಕರದೂ ಆಗೇತಿ ಎಂದರು.

ಮಾತು ಅವರದು ಪೂರಾ ಅವರ ಊರಿನದು. ಹತ್ತು ವರ್ಷ ವಿಜಯನಗರದಲ್ಲಿ ಬಾಡಿಗೆಗಿದ್ದರೂ ಒಂದಕ್ಷರ ಬದಲಾಗಿರಲಿಲ್ಲ. ಬೆಲೆ ಎನ್ನುವುದು ಅವರ ಬಾಯಲ್ಲಿ ಬೆಲಿ. ಬೇಲಿಗೂ ಬೆಲಿಗೂ ಒಂದು ದೀರ್ಘದ ವ್ಯತ್ಯಾಸ. ಅವರು ಬೇಗ ಬೇಗ ಮಾತಾಡುವಾಗ ಯಾವುದು ಯಾವುದೆಂದು ನಮಗೆ ತಿಳಿಯುತ್ತಿರಲಿಲ್ಲ, ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಕಿತ್ತಳೆ ಹಣ್ಣು ತಿಂದರೆ ಸಿಪ್ಪೆಯನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೋಗುವಾಗ ಕೆಳಗೆ ಓನರ್ ಆಂಟಿಯ ಹಸುವಿನ ಮುಂದೆ ಇಡುತ್ತಿದ್ದರು. ಬುಟ್ಟಿಗೆ ಹಾಕಿದರೆ ಅದು ಯಾವ ಲಾರಿಯಲ್ಲಿ ಎಷ್ಟು ಮೈಲಿ ಹೋಗುತ್ತದೆ ಎಂದು ನನಗೆ ಗೊತ್ತಲ್ಲ, ಗೊತ್ತಿದ್ದೂ ಹೇಗೆ ಹಾಕಲಿ ಎನ್ನುತ್ತಿದ್ದರು. ಇದನ್ನು ಅವರು ತಮಾಷೆಯಾಗಿಯೇ ಹೇಳುತ್ತಿದ್ದರು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ದೂರಗಳನ್ನು ಅವರು ನಕ್ಷೆಯಲ್ಲಿ ಅಳೆಯಲಿಲ್ಲ. ಎರಡು ತಿಂಗಳು ಕಸದ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಓಡಾಡಿದರು. ಡ್ರೈವರ್‌ಗೆ ಇದೊಂದು ಮೋಜು. ಏನ್ ಮೇಷ್ಟ್ರೇ, ಇವತ್ತು ಯಾವ ಕಡೆಗೆ ದಿಬ್ಬಣ ಎಂದು ಕೇಳುತ್ತಿದ್ದನಂತೆ. ಪಂಚೆಗೆ ಕಸ ತಾಗದಿರಲೆಂದು ಹಳೇ ಗೋಣಿಚೀಲ ಮಡಿಸಿ ಸೀಟಿನ ಮೇಲೆ ಹಾಸಿಕೊಡುತ್ತಿದ್ದನಂತೆ. ಕೆಂಗೇರಿಯ ಆಚೆ ಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ಗುಂಡಿಯಿತ್ತು. ಕಸಕ್ಕೆ ಅದೇ ಸರಿಯಾದ ಜಾಗ, ಆದರೆ ದೂರ. ಹತ್ತಿರದಲ್ಲಿ, ಮಾಗಡಿ ರಸ್ತೆಯಿಂದ ಹೆಗ್ಗನಹಳ್ಳಿ ಕಡೆಗೆ ತಿರುಗಿ ಸ್ವಲ್ಪ ಹೋದರೆ, ಒಂದು ಕೆರೆ. ಕಾಗದಗಳಲ್ಲಿ ಅದನ್ನು ಕೆರೆ ಎಂದು ಯಾರೂ ಬರೆಯುತ್ತಿರಲಿಲ್ಲ. ತಗ್ಗು ಪ್ರದೇಶ ಎಂದು ಬರೆಯುತ್ತಿದ್ದರು. ಅವರೂ ಪಟ್ಟಿಯಲ್ಲಿ ಹಾಗೇ ಇಳಿಸಿಕೊಂಡಿದ್ದರು, ನಾನೂ ಹಾಗೇ ತೂತು ಹೊಡೆದಿದ್ದೆ.

ಒಂದು ದಿನ ಅವರು ಅಲ್ಲಿ ಲಾರಿಯಿಂದ ಇಳಿದು ಏರಿಯ ಮೇಲೆ ನಡೆದರು. ಏರಿಯ ಹಿಂದೆ, ತೂಬಿನಿಂದ ನೀರು ಇಳಿಯುವ ಕಡೆ, ಒಬ್ಬ ಹೆಂಗಸು ಸೊಪ್ಪಿನ ಪಾತಿಗಳಲ್ಲಿ ಕೂತಿದ್ದಳಂತೆ. ಕೊತ್ತಂಬರಿ, ದಂಟು, ಮೆಂತ್ಯ. ರಾಜಾಜಿನಗರದ ಮನೆಗಳಿಗೆ ಸೊಪ್ಪು ಹೊತ್ತು ತರುತ್ತಿದ್ದವಳು ಅವಳೇ. ನಮ್ಮಮ್ಮ ಕೂಡ ಅವಳ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಇವರು ಪುಸ್ತಕ ಪೆನ್ಸಿಲ್ ಹಿಡಿದು ಹೋಗಿ ಏನು ಕೇಳಿದರೋ. ಈ ಕೆರೆಯಿಂದ ನಿಮಗೆ ವರ್ಷಕ್ಕೆ ಏನು ಸಿಗುತ್ತದೆ, ಇದು ಇಲ್ಲದಿದ್ದರೆ ಎಷ್ಟು ನಷ್ಟ, ಇಂಥದ್ದೇನೋ. ಅವಳು ತಲೆ ಎತ್ತದೆ, "ಏನ್ ಸಾಮಿ, ಕೆರೆಗೆ ರೇಟ್ ಕಟ್ಟಕ್ ಬಂದಿದೀರಾ?" ಎಂದಳಂತೆ. ಇಲ್ಲ ಸುಮ್ಮನೆ ಕೇಳಿದೆ ಎಂದರಂತೆ ಇವರು. ಸುಮ್ಮನೆ ಕೇಳುವುದಾದರೆ ಮೊದಲು ನಿಮ್ಮ ಮನೆ ಬಾವಿಗೆ ರೇಟು ಹೇಳಿ, ಆಮೇಲೆ ನಾನು ಹೇಳುತ್ತೇನೆ ಎಂದಳಂತೆ ಅವಳು.

ಇದನ್ನು ಅವರು ನನಗೆ ಹೇಳಿದ್ದು ಮಾರನೆಯ ಬೆಳಿಗ್ಗೆ, ಬಂದವರೇ, ಇನ್ನೂ ಚೀಲ ಕೆಳಗಿಡದೆ. ರಾತ್ರಿಯೆಲ್ಲ ಯೋಚನೆ ಮಾಡಿದರಂತೆ. ಸೊಪ್ಪಿಗೆ ಇಷ್ಟು, ದನ ಕುಡಿಯುವ ನೀರಿಗೆ ಇಷ್ಟು, ಸುತ್ತಲಿನ ಬಾವಿಗಳಿಗೆ ಇಷ್ಟು ಎಂದು ಬರೆದು ಕೂಡಿಸಲು ಹೋದರೆ ಕೂಡುವುದೇ ಇಲ್ಲವಂತೆ. ಆಕೆ ಹೇಳಿದ್ದೇ ಸರಿ ಎಂದರು. ಬೆಲೆ ಕಟ್ಟಲು ಬಾರದ್ದಕ್ಕೆ ಬೇಲಿ ಹಾಕಬೇಕು. ಅಂದೇ ನಾಲ್ಕು ಕಾರ್ಡು ಬರೆದುಕೊಟ್ಟರು. ಕೆರೆಗೆ ಹೋಗುವ ಲಾರಿ ಸೊನ್ನೆ, ಯಾವ ಬೀದಿಯಿಂದಲೂ ಸೊನ್ನೆ. ನಾನು ತೂತು ಹೊಡೆದೆ. ಕಟ್ಟಿನ ನಡುವೆ ಅವನ್ನು ಸೇರಿಸಿ, ಅವರು ಹಳೆಯ ಗೆರೆ ಅಳಿಸಿ ಹೊಸ ಗೆರೆ ಎಳೆದರು. ಪಟ್ಟಿಯಲ್ಲಿ ತಗ್ಗು ಪ್ರದೇಶ ಎಂದಿದ್ದ ಕಡೆ ಕೆರೆ ಎಂದು ತಿದ್ದಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅವರ ಮೇಲೂ ಸಿಟ್ಟಿದೆ. ಅಷ್ಟು ಓದಿದವರು, ಅಷ್ಟು ಲೆಕ್ಕ ಬಲ್ಲವರು, ಮನುಷ್ಯರ ಆಸೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಬಗೆಯ ಲೆಕ್ಕದಲ್ಲಿ ಒಂದು ಗುಣವಿದೆಯಂತೆ. ಉತ್ತರದ ಜೊತೆಗೆ, ಒಂದೊಂದು ಬೇಲಿಯಿಂದ ನಮಗೆ ಎಷ್ಟು ಹೆಚ್ಚು ಖರ್ಚಾಗುತ್ತಿದೆ ಎಂಬುದನ್ನೂ ಯಂತ್ರ ಪಕ್ಕದಲ್ಲಿ ಬರೆದುಕೊಡುತ್ತದೆ. ಅವರಿಗೆ ಅದೊಂದು ಚೆಂದ. ಗುಂಡಿ ಇನ್ನೂ ಸ್ವಲ್ಪ ದೊಡ್ಡದಿದ್ದರೆ ಇಷ್ಟು ಉಳಿಯುತ್ತಿತ್ತು, ಇನ್ನೊಂದು ಲಾರಿಯಿದ್ದರೆ ಇಷ್ಟು ಎಂದು ಓದಿ ಹೇಳುತ್ತಿದ್ದರು. ಹಾಗೆಯೇ ಕೆರೆಯ ಬೇಲಿಯ ಎದುರಿಗೂ ಒಂದು ಅಂಕಿ ಬಂತು. ಕೈಯಲ್ಲಿ ಗುಣಿಸಿ ನೋಡಿದಾಗ ಅರ್ಧ ಪೀಪಾಯಿ.

ಶುಕ್ರವಾರ ಸಾಹೇಬರ ಕೋಣೆಗೆ ಅಗಲ ಕಾಗದ ಹೊತ್ತುಕೊಂಡು ಅವರ ಹಿಂದೆ ನಾನೂ ಹೋಗಿದ್ದೆ. ಸಾಹೇಬರು ಈ ಕೆಲಸಕ್ಕೆಲ್ಲ ಮುಖ್ಯಸ್ಥರು. ಒಳ್ಳೆಯ ಇಸ್ತ್ರಿಯ ಶರ್ಟು, ಮೆಲುದನಿ. ಮೇಷ್ಟ್ರು ಖುಷಿಯಲ್ಲಿ ಬೇಗ ಬೇಗ ಹೇಳುತ್ತಿದ್ದರು. ಕೆರಿ ಬೇಲಿಯ ಬೆಲಿ ದಿನಕ್ಕ ಅರ್ಧ ಪೀಪಾಯಿ ಅಷ್ಟ ಐತ್ರೀ ಎಂದರು. ಬೇಲೀನೋ ಬೆಲೇನೋ, ಒಂದು ಕಡೆ ನಿಲ್ಲಿ ಮೇಷ್ಟ್ರೇ ಎಂದು ಸಾಹೇಬರು ನಕ್ಕರು. ಪಕ್ಕದಲ್ಲಿ ನಿಂತಿದ್ದ ಪಿ.ಎ. ಕೂಡ ನಕ್ಕ. ಆಮೇಲೆ ಸಾಹೇಬರು ನಗು ನಿಲ್ಲಿಸಿದರು.

"ಅಂದ್ರೆ ಆ ಬೇಲಿ ತೆಗೆದ್ರೆ ದಿನಕ್ಕೆ ಅರ್ಧ ಪೀಪಾಯಿ ಉಳಿಯುತ್ತೆ?"

ಸುಳ್ಳು ಹೇಳಲು ಮೇಷ್ಟ್ರಿಗೆ ಬರುತ್ತಿರಲಿಲ್ಲ.

"ಲೆಕ್ಕಕ್ಕ ಹೌದ್ರೀ."

ಸಾಹೇಬರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ನೀವು ತಿರುವು ಮುರುವು ಹಿಡಿಯುತ್ತಿದ್ದೀರಿ, ನಾನು ಹೇಳಿದ್ದು ಉಳಿಸುವುದು ಎಷ್ಟು ಅಗ್ಗ ಎಂದು, ಎಂದರು ಮೇಷ್ಟ್ರು. ಅರ್ಥವಾಯಿತು, ಅರ್ಥವಾಯಿತು ಎಂದರು ಸಾಹೇಬರು. ಮೆಟ್ಟಿಲಿಳಿಯುವಾಗ ಮೇಷ್ಟ್ರು ಕಿವಿಯ ಪೆನ್ಸಿಲ್ ತೆಗೆದು, ನೋಡಿ, ಮತ್ತೆ ಕಿವಿಗೇ ಇಟ್ಟುಕೊಂಡರು.

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಅವರ ತಾಯಿಗೆ ಹುಷಾರಿಲ್ಲವೆಂದು ತಂತಿ ಬಂದು ಊರಿಗೆ ಹೋದರು. ಅವರು ಹೋದ ಮೂರನೆಯ ದಿನ ಪಿ.ಎ. ಮಹಡಿ ಹತ್ತಿ ಬಂದ. ಕೆರೆ ಕಾರ್ಡುಗಳು ಯಾವುವು ಎಂದು ಕೇಳಿದ. ತೋರಿಸಿದೆ. ಅವನ್ನು ತೆಗೆದು ಉಳಿದದ್ದನ್ನು ಕೊಡಿ, ಸಾಹೇಬರು ಸುಮ್ಮನೆ ಒಂದು ಸಲ ನೋಡಬೇಕಂತೆ ಎಂದ. ಸೋಮವಾರ ಸಾರ್ ಬರುತ್ತಾರೆ, ಅವರನ್ನು ಕೇಳಿ ತೆಗೆಯುತ್ತೇನೆ ಎಂದೆ. ಅವನು ನನ್ನ ಮೇಜಿನ ಅಂಚಿಗೆ ಒರಗಿ ನಿಂತ. ಸಿಟ್ಟಾಗಲಿಲ್ಲ, ನಗುತ್ತಲೇ ಕೇಳಿದ.

"ನಿಮ್ದು ಪರ್ಮನೆಂಟ್ ಆಯ್ತಾಮ್ಮಾ, ಇನ್ನೂ ಇಲ್ವಾ?"

ಆಗಿರಲಿಲ್ಲ. ಅದು ತುರ್ತುಪರಿಸ್ಥಿತಿಯ ವರ್ಷ. ಮಾತಾಡಿದವರ ಕೆಲಸ ಹೋಗುತ್ತಿತ್ತು, ಮಾತಾಡದವರದ್ದೂ ಹೋಗುತ್ತಿತ್ತು. ಅಪ್ಪ ಇರಲಿಲ್ಲ, ಮನೆಯಲ್ಲಿ ನನ್ನ ಸಂಬಳ ಒಂದೇ. ಇದೆಲ್ಲ ನಿಜ. ಇದನ್ನೆಲ್ಲ ನನಗೆ ನಾನೇ ಮೂರು ವರ್ಷದಿಂದ ಹೇಳಿಕೊಳ್ಳುತ್ತಿದ್ದೇನೆ. ರಬ್ಬರ್ ಬ್ಯಾಂಡ್ ಬಿಚ್ಚಿ ನಾಲ್ಕು ಕಾರ್ಡು ಎಳೆದು ಪಕ್ಕಕ್ಕಿಟ್ಟು ಉಳಿದ ಕಟ್ಟನ್ನು ಅವನ ಕೈಗೆ ಕೊಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಸೋಮವಾರ ಅವರು ಬರುವಷ್ಟರಲ್ಲಿ ಕಟ್ಟು ಹಿಂದಕ್ಕೆ ಬಂದು ನನ್ನ ಮೇಜಿನ ಮೇಲಿತ್ತು. ಅವರ ತಾಯಿ ತೀರಿಕೊಂಡಿದ್ದರು. ನಾನು ಏನಾದರೂ ಹೇಳುವ ಮೊದಲೇ ಅವರು ಕಟ್ಟಿನ ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿದರು. ಹೆಬ್ಬೆರಳು ಒಂದು ಕಡೆ ನಿಂತಿತು.

"ಗೆರಿ ಮುರದೈತಿ."

ನಾನೇ ತೆಗೆದೆ ಸಾರ್ ಎಂದೆ. ಯಾರು ಹೇಳಿದ್ದು ಎಂದು ಕೇಳಿದರು, ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಇವತ್ತು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ನಾಲ್ಕು ಕಾರ್ಡುಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಗೆರೆ ಕೂಡಿತೇ ಎಂದು ನೋಡಿ, ರಬ್ಬರ್ ಬ್ಯಾಂಡ್ ಹಾಕಿದರು.

"ನೀ ಬರೇ ನಾಕು ಕಾರ್ಡ್ ತಗದಿ, ತಂಗಿ. ಬೆಲಿ ಹೇಳಿದಾಂವ ನಾನು."

ಆ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ತೆಗೆಸಿದವರು ಅವರಲ್ಲ. ಡೈರಿಯಲ್ಲಿ ಬರೆದುಕೊಂಡವರು ಅವರಲ್ಲ. ಆದರೆ ಆ ದಿನದಿಂದ ಅವರು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡರು. ಅವರು ಹಾಕಿಕೊಂಡದ್ದರಿಂದ ಉಳಿದವರಿಗೆ ಹಗುರವಾಯಿತು.

ವರದಿ ಅಚ್ಚಾಗಿ ಬಂತು. ಬೇಲಿಯಿಲ್ಲದ ಉತ್ತರ. ಹೆಗ್ಗನಹಳ್ಳಿ ದಾರಿಯ ತಗ್ಗು ಪ್ರದೇಶ ಎಂದು ಮತ್ತೆ ಬರೆದಿತ್ತು. ದಿನಕ್ಕೆ ಇಂತಿಷ್ಟು ಲಾರಿ ಅಲ್ಲಿಗೆ. ಕಂಪ್ಯೂಟರ್ ತೋರಿಸಿಕೊಟ್ಟ ಅತ್ಯುತ್ತಮ ಮಾರ್ಗ ಎಂಬ ಮಾತು ಮೊದಲ ಪುಟದಲ್ಲೇ ಇತ್ತು. ಕೆಳಗೆ ಲೆಕ್ಕ ಮಾಡಿದವರು ಎಂದು ಅವರ ಹೆಸರು, ಅವರ ಡಿಗ್ರಿ. ಆ ಡಿಗ್ರಿಗಳನ್ನು ಅವರು ಎಂದೂ ಬಳಸಿದ್ದನ್ನು ನಾನು ನೋಡಿರಲಿಲ್ಲ. ಬೇಲಿ ತೆಗೆದ ಸುದ್ದಿ ಒಂದು ಸಾಲಿನಲ್ಲೂ ಇರಲಿಲ್ಲ.

ಒಂದು ವಾರದೊಳಗೆ ಲಾರಿಗಳು ಅತ್ತ ಹೋಗತೊಡಗಿದವು. ಅವರು ಒಂದು ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದರು. ನೀ ನೋಡಬೇಕು ಎಂದರು, ಅಷ್ಟೇ. ಏರಿಯ ಒಂದು ಕಡೆ ಅಗೆದು ದಾರಿ ಮಾಡಿದ್ದರು. ಅದೇ ಡ್ರೈವರ್. ಮೇಷ್ಟ್ರನ್ನು ನೋಡಿ ಲಾರಿ ನಿಲ್ಲಿಸಿ ಕೈ ಮುಗಿದ. ಇದು ಬ್ಯಾಡಪಾ, ಕೆಂಗೇರಿ ಗುಂಡಿಗೆ ಹೋಗು ಎಂದರು ಇವರು. ಅವನಿಗೆ ಅರ್ಥವೇ ಆಗಲಿಲ್ಲ. "ಏನ್ ಸಾರ್, ನಿಮ್ ಮಿಷನ್ನೇ ಅಲ್ವಾ ಹೇಳಿದ್ದು?" ಎಂದ. ಅಣಕವಿರಲಿಲ್ಲ ಅವನ ಮಾತಿನಲ್ಲಿ, ನಿಜವಾಗಿಯೂ ಕೇಳಿದ. ಆಮೇಲೆ ಲಾರಿ ಹಿಂದಕ್ಕೆ ತೆಗೆದುಕೊಂಡು ಸುರಿದ.

ಸೊಪ್ಪಿನ ಹೆಂಗಸು ಏರಿಯ ಕೆಳಗಿದ್ದಳು. ಅವಳು ಇವರನ್ನು ಗುರುತು ಹಿಡಿದಳು. ಬೈದಿದ್ದರೆ ಒಂದು ರೀತಿ. ದೂರದಿಂದಲೇ, "ಕಟ್ಟುದ್ರಾ ಸಾಮಿ, ರೇಟು?" ಎಂದಳು. ಇವರು ಅಲ್ಲೇ ನಿಂತರು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದರು. ಅವಳು ಕಾಯಲಿಲ್ಲ, ಪಾತಿಯ ಕಡೆ ತಿರುಗಿದಳು. ಮುಂದಿನ ಬೇಸಿಗೆಯ ಹೊತ್ತಿಗೆ ಅಲ್ಲಿ ಪಾತಿ ಇರಲಿಲ್ಲ. ನಮ್ಮ ಬೀದಿಗೆ ಅವಳು ಬರುವುದು ನಿಂತಿತು. ಎಲ್ಲಿಗೆ ಹೋದಳೋ ತಿಳಿಯದು. ಸುತ್ತಲಿನ ಬಾವಿಗಳ ನೀರು ಬಾಯಿಗಿಡಲಾಗದಂತೆ ಆಯಿತು. ಡೀಸೆಲ್ ಮಾತ್ರ ದಿನಕ್ಕೆ ಅರ್ಧ ಪೀಪಾಯಿ ಉಳಿಯಿತು, ಅದು ನಿಜ. ಲೆಕ್ಕ ತಪ್ಪಿರಲಿಲ್ಲ.

ಏರಿಯಿಂದ ಹಿಂದಿರುಗಿದ ಮಧ್ಯಾಹ್ನವೇ ಅವರು ಒಂದು ಪುಟ ಬರೆದರು. ನಾನು ಟೈಪ್ ಮಾಡಿದೆ. ಅದರ ಮಾತುಗಳು ನನಗೆ ಬಾಯಿಪಾಠ. ಈ ವರದಿಯ ಉತ್ತರವು ಕೆರೆಗೆ ಹಾಕಿದ್ದ ನಿರ್ಬಂಧವನ್ನು ನನಗೆ ತಿಳಿಸದೆ ತೆಗೆದು ಪಡೆದದ್ದು. ಇದು ನಾನು ಕೊಟ್ಟ ಉತ್ತರವಲ್ಲ. ನಾನು ಕೊಟ್ಟ ಉತ್ತರದಲ್ಲಿ ಕೆರೆಗೆ ಒಂದು ಲಾರಿಯೂ ಹೋಗುವುದಿಲ್ಲ. ನಿರ್ಬಂಧದ ಎದುರಿಗಿದ್ದ ಅಂಕಿಯು ಕೆರೆಯ ಬೆಲೆಯಲ್ಲ. ಕೆರೆಗೆ ನಾನು ಬೆಲೆ ಕಟ್ಟಿಲ್ಲ, ಕಟ್ಟಲು ನನಗೆ ಬರುವುದಿಲ್ಲ. ಅಷ್ಟೇ ಇದ್ದದ್ದು. ಕಟ್ಟಲು ನನಗೆ ಬರುವುದಿಲ್ಲ ಎಂಬುದು ಬೇಡ ಸಾರ್, ನಿಮ್ಮ ಬುದ್ಧಿಯನ್ನೇ ಹೀಯಾಳಿಸಿಕೊಂಡ ಹಾಗಾಗುತ್ತದೆ ಎಂದೆ. ಅದೇ ಮುಖ್ಯ, ಇರಲಿ ಎಂದರು.

ವರದಿಯ ಪ್ರತಿಗಳು ಹದಿನೇಳು. ಪುಟವನ್ನೂ ಹದಿನೇಳು ಪ್ರತಿ ತೆಗೆದೆವು. ಪ್ರತಿಯೊಂದಕ್ಕೂ ಕೈಯಾರೆ ಸಹಿ ಮಾಡಿದರು. ವರದಿಯ ಮೊದಲ ಪುಟದ ಮುಂದೆ ಇದನ್ನು ಹೊಲಿಯಬೇಕು, ಇಲ್ಲವೇ ನನ್ನ ಹೆಸರು ತೆಗೆಯಬೇಕು ಎಂದು ಬೇರೆ ಅರ್ಜಿ ಬರೆದು ಎಲ್ಲವನ್ನೂ ಸಾಹೇಬರ ಆಫೀಸಿಗೆ ಕೊಟ್ಟು ಬಂದರು. ಸೇರಿಸೋಣ ಎಂದು ಉತ್ತರ ಬಂತು. ಅದಾದ ಮೇಲೆ ಪ್ರತಿ ತಿಂಗಳ ಮೊದಲ ಸೋಮವಾರ ಅವರು ಹೋಗಿ ಕೇಳುತ್ತಿದ್ದರು. ಫೈಲು ಮೇಲೆ ಹೋಗಿದೆ. ಫೈಲು ಕೆಳಗೆ ಬಂದಿದೆ. ಹೊಲಿಯುವವನು ರಜ. ಒಂದು ಸಲ ಪಿ.ಎ., ಮೇಷ್ಟ್ರೇ, ಈಗಾಗಲೇ ಕಸ ಬಿದ್ದಾಗಿದೆ, ಪುಟ ಸೇರಿಸಿದರೆ ಕಸ ಎದ್ದು ಹೋಗುತ್ತದೆಯೇ ಎಂದು ಕೇಳಿದನಂತೆ. ಇಲ್ಲ, ಮುಂದಿನ ಕೆರೆಗೆ ಹೋಗುವ ಮೊದಲು ಯಾರಾದರೂ ಓದುತ್ತಾರೆ ಎಂದರಂತೆ. ಮುಂದಿನದು ಮಲ್ಲತ್ತಹಳ್ಳಿ ಕಡೆಯೋ ಮತ್ತೊಂದು ಕಡೆಯೋ, ಅದನ್ನು ಯಾರು ಬಲ್ಲರು.

ನಮ್ಮ ಆಫೀಸು ಮುಚ್ಚಿತು. ನನ್ನನ್ನು ಪರ್ಮನೆಂಟ್ ಮಾಡಿ ಸಾಹೇಬರ ಆಫೀಸಿಗೇ ಹಾಕಿದರು. ಇದನ್ನು ಬರೆಯದೆ ಬಿಡಬಹುದಿತ್ತು. ಅವರಿಗೆ ಬೇರೆ ಕೆಲಸ ಸಿಗಲಿಲ್ಲ, ವಿಜಯನಗರದ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆದರೂ ಮೊದಲ ಸೋಮವಾರ ತಪ್ಪಿಸಲಿಲ್ಲ. ಬಂದಾಗ ನನ್ನ ಮೇಜಿನ ಹತ್ತಿರ ನಿಂತು, ಆರಾಮ ಅದೀಯೇನ ತಂಗಿ ಎಂದು ಕೇಳಿ ಹೋಗುತ್ತಿದ್ದರು. ಒಂದು ಸಲವೂ, ನಿಮ್ಮ ಸಾಹೇಬರಿಗೆ ನೀನೊಂದು ಮಾತು ಹೇಳು ಎನ್ನಲಿಲ್ಲ. ನಾನೂ ಹೇಳಲಿಲ್ಲ.

ಹೋದ ತಿಂಗಳ ಮೊದಲ ಸೋಮವಾರ ಅವರು ಬರಲಿಲ್ಲ. ಬುಧವಾರ ಸುದ್ದಿ ಬಂತು. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಗ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲವಂತೆ. ಐವತ್ತೊಂದು ವರ್ಷ. ನಾನು ಹೋಗುವಷ್ಟರಲ್ಲಿ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಮೈಯಾಗ ಆರಾಮಿಲ್ದ ಸೋಮವಾರ ಬರಾಕ ಆಗಲಿಲ್ಲಂತ ಬಾಳ ಚಡಪಡಿಸ್ತಿದ್ರವ್ವಾ ಎಂದರು. ನನಗೆ ಅಳು ಬರಲಿಲ್ಲ. ಏನು ಬಂತೋ ಅದಕ್ಕೆ ಅಳು ಎಂದು ಹೆಸರಲ್ಲ.

ಆಫೀಸಿನಲ್ಲಿ ಸಂತಾಪಸಭೆ ಮಾಡಿದರು. ಹಳೆಯ ಸಾಹೇಬರು ಈಗ ಇನ್ನೂ ಮೇಲಿದ್ದಾರೆ, ಅವರೇ ಬಂದರು. ಅದೇ ಮೆಲುದನಿ. ಕಸದ ಸಮಸ್ಯೆಗೆ ಕಂಪ್ಯೂಟರ್ ಲೆಕ್ಕ ತಂದ ಮೊದಲಿಗರು ಎಂದರು. ಅವರ ವರದಿಯಿಂದ ಇವತ್ತಿಗೂ ದಿನಕ್ಕೆ ಅರ್ಧ ಪೀಪಾಯಿ ಡೀಸೆಲ್ ಉಳಿಯುತ್ತಿದೆ, ಇದೇ ಅವರಿಗೆ ನಿಜವಾದ ಸ್ಮಾರಕ ಎಂದರು. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದರು. ನಾನೂ ಬಗ್ಗಿಸಿ ಕೂತಿದ್ದೆ. ಎದ್ದು ನಿಂತು ಅದು ಅವರ ವರದಿಯಲ್ಲ ಎಂದು ಹೇಳಲು ನಾಲ್ಕು ಮಾತು ಸಾಕಿತ್ತು. ಈಗ ನಾನು ಪರ್ಮನೆಂಟ್. ಈಗ ಯಾವ ತುರ್ತುಪರಿಸ್ಥಿತಿಯೂ ಇಲ್ಲ. ಹೇಳಲಿಲ್ಲ. ಒಂದು ನಿಮಿಷ ಮೌನ ಆಚರಿಸಿದೆವು, ಆಮೇಲೆ ಕಾಫಿ ಬಂತು. ನಾನು ಕುಡಿಯಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಕುಡಿದೆ.

ಮಾರನೆಯ ದಿನ ರೆಕಾರ್ಡ್ ರೂಮಿನ ಬೀಗದ ಕೈ ಇಸಿದುಕೊಂಡು ಹೋಗಿ ಹುಡುಕಿದೆ. ವರದಿಯ ಪ್ರತಿಗಳು ಕೆಳಗಿನ ಕಪಾಟಿನಲ್ಲಿದ್ದವು. ಒಂದೊಂದನ್ನೂ ತೆರೆದು ನೋಡಿದೆ. ಅವರ ಅರ್ಜಿಯ ಫೈಲು ಸಿಕ್ಕಿತು, ಅದರಲ್ಲಿ ಅರ್ಜಿ ಇತ್ತು. ಜೊತೆಗೆ ಕೊಟ್ಟ ಪುಟಗಳು ಇರಲಿಲ್ಲ. ಲಗತ್ತುಗಳು ಹದಿನೇಳು ಎಂದು ಅವರೇ ಕೆಂಪು ಪೆನ್ಸಿಲ್‌ನಲ್ಲಿ ಬರೆದದ್ದರ ಪಕ್ಕ ಯಾರೋ ಸರಿ ಗುರುತು ಹಾಕಿದ್ದರು. ಯಾವ ಕಪಾಟು, ಯಾವ ಕಟ್ಟು ಎಂದು ಸಂಜೆಯವರೆಗೆ ಹುಡುಕಿದೆ.

ಆ ಪುಟವನ್ನು ನಾನು ಇವತ್ತೇ ಟೈಪ್ ಮಾಡಬಲ್ಲೆ, ಒಂದು ಮಾತೂ ತಪ್ಪದೆ. ಅದಕ್ಕೆ ಸಹಿ ಮಾಡುವವರು ಇಲ್ಲ. ವರದಿಯ ಹದಿನೇಳು ಪ್ರತಿಗಳಲ್ಲೂ ಅವರ ಹೆಸರಿದೆ. ಆ ಪುಟ ಒಂದರಲ್ಲೂ ಇಲ್ಲ.